ಮೀನಿಲ್ಲದ ಗಾಡಿಯ ಹಾಡು

ತಾಯಿ ಮರ್ಯಾದೆ ಕೊಡಲು ಶುರು ಮಾಡಿದ್ದೇ ತ್ರಾಸಿಯ ದೇವುವಿನ ಕಷ್ಟಕ್ಕೆ ಮೂಲ.

ಐವತ್ತೊಂದು ವರ್ಷ ಅವನು ಅಬ್ಬಿಯ, ಅಂದರೆ ತಾಯಿಯ, ಬಾಯಲ್ಲಿ 'ಏ ದೇವು' ಆಗಿದ್ದ. ಸಿಟ್ಟು ಬಂದರೆ 'ಹಾಳಾದವ್ನೆ', ಇನ್ನೂ ಸಿಟ್ಟು ಬಂದರೆ ಇಲ್ಲಿ ಬರೆಯಲಾಗದ್ದು. ಬೋಟಿನ ತಾಂಡೇಲನಾಗಿ ಇಪ್ಪತ್ತು ಜನರನ್ನು ಸಮುದ್ರಕ್ಕೆ ಕರೆದೊಯ್ದು ಜೀವಸಹಿತ ವಾಪಸು ತರುವ ಗಂಡಸಾದ ಮೇಲೂ, ದಡ ಮುಟ್ಟಿದ ಕೂಡಲೇ ಈ ಬಿರುದುಗಳು ಅವನಿಗಾಗಿ ಕಾದಿರುತ್ತಿದ್ದವು. ಈಗ ಒಂದು ವರ್ಷದಿಂದ ಕತೆಯೇ ಬೇರೆ. ಎಪ್ಪತ್ತೆಂಟರ ಜಲಜಕ್ಕ ಮಗನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾಳೆ.

ಆ ಗುರುವಾರ ಬೆಳಿಗ್ಗೆ ಅವನು ಚಾ ತಂದಿಟ್ಟಾಗಲೂ ಹಾಗೇ ಆಯಿತು.

"ಅಯ್ಯೋ, ನೀವೇ ತಂದ್ರ್ಯಾ? ಕೆಲ್ಸದವ್ರ್ ಯಾರೂ ಇಲ್ಯಾ ಇವತ್ತ್?"

"ಅಬ್ಬೀ, ಇದ್ ಲಾಡ್ಜ್ ಅಲ್ಲ. ನಮ್ಮನಿ. ನಾನ್ ದೇವು."

"ಹೌದ್ ಹೌದ್," ಎಂದಳು ಜಲಜಕ್ಕ, ಬೆಳಿಗ್ಗೆ ಬೆಳಿಗ್ಗೆ ಜಗಳ ಯಾಕೆ ಎನ್ನುವ ದನಿಯಲ್ಲಿ. "ಚಾ ಲಾಯ್ಕ್ ಇತ್. ನಿಮ್ಮ್ ಲಾಡ್ಜಿನ ಆ ಸರಸಕ್ಕ ಒಳ್ಳೆ ಹೆಂಗ್ಸ್, ಕಾಣಿ. ಮೀನ್ ಸಾರಿಗೆ ಮಾತ್ರ ಒಂಚೂರ್ ಹುಳಿ ಕಮ್ಮಿ."

ಸರಸಕ್ಕ ಅಂದರೆ ದೇವುವಿನ ಹೆಂಡತಿ. ಇಪ್ಪತ್ತೆಂಟು ವರ್ಷ ಸೊಸೆಯಾಗಿ ದುಡಿದರೂ ಸಿಗದಿದ್ದ 'ಒಳ್ಳೆ ಹೆಂಗ್ಸ್' ಎಂಬ ಸರ್ಟಿಫಿಕೇಟು ಲಾಡ್ಜಿನವಳಾದ ಮೇಲೆ ಸಿಕ್ಕಿತ್ತು. ಆದ್ದರಿಂದ ಈ ಕಾಯಿಲೆಯ ಬಗ್ಗೆ ಅವಳ ಅಭಿಪ್ರಾಯ ಗಂಡನಷ್ಟು ಕಟುವಾಗಿರಲಿಲ್ಲ.

ಡಾಕ್ಟರು ಇದಕ್ಕೆ ಡಿಮೆನ್ಷಿಯಾ ಎಂದು ಹೆಸರಿಟ್ಟಿದ್ದರು. ಗುಣ ಆಗುವುದಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದಿದ್ದರು. ದೇವು ಗುಣವಾಗಲಿ ಎಂದು ಹರಕೆ ಹೊತ್ತವನೂ ಅಲ್ಲ. ಅವನಿಗೆ ಬೇಕಾದದ್ದು ಇಷ್ಟೇ: ಒಂದೇ ಒಂದು ಸಲ ಅಬ್ಬಿ ತನ್ನನ್ನು ಹೆಸರು ಹಿಡಿದು ಮಗಾ ಎಂದು ಕರೆಯಬೇಕು. ಬೈದು ಕರೆದರೂ ಅಡ್ಡಿಯಿಲ್ಲ. ಬೈದೇ ಕರೆದರೆ ಇನ್ನೂ ಒಳ್ಳೆಯದು.

ಮಳೆಗಾಲದ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ಟರ್ಪಾಲು ಹೊದ್ದು ಮಲಗಿದ್ದವು, ತಾಂಡೇಲರೆಲ್ಲ ಮನೆಯಲ್ಲಿ ಹೆಂಡಂದಿರ ಕಾಲಿಗೆ ತೊಡರುತ್ತಿದ್ದರು. ಹಾಗಾಗಿ ಮರೆವಿನವರಿಗೆಂದು ಡಾಕ್ಟರು ಹೇಳಿದ್ದ ಹಾಡಿನ ಕ್ಲಾಸಿಗೆ ಅಬ್ಬಿಯನ್ನು ಕರೆದುಕೊಂಡು ಹೋಗಲು ದೇವುವಿಗೆ ಬೇಕಾದಷ್ಟು ಪುರುಸೊತ್ತಿತ್ತು.

ಕುಂದಾಪುರದ ಒಂದು ಕಲ್ಯಾಣ ಮಂಟಪದ ಹಿಂದುಗಡೆ, ಊಟದ ಹಾಲಿನಲ್ಲಿ ಕ್ಲಾಸು. ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುವ ಸೌಜನ್ಯ ಎಂಬ ಹುಡುಗಿ ನಡೆಸುತ್ತಿದ್ದಳು. ಸಂಗೀತದಿಂದ ಮರೆವಿನವರನ್ನು ಮಾತಾಡಿಸುವ ವಿದ್ಯೆ ಕಲಿತು ಬಂದವಳು. ದುಂಡಗೆ ಇಟ್ಟ ಕುರ್ಚಿಗಳಲ್ಲಿ ಎಂಟು ಜನ ಮರೆತವರು, ಎಂಟು ಜನ ಮರೆಯಲ್ಪಟ್ಟವರು ಕೂತಿದ್ದರು. ಹೊರಗಿನಿಂದ ನೋಡಿದರೆ ಯಾರು ಯಾವ ಪಕ್ಷದವರು ಎಂದು ಹೇಳುವುದು ಕಷ್ಟವಿತ್ತು. ಎಲ್ಲರ ಮುಖವೂ ಬಸ್ಸು ತಪ್ಪಿದವರ ಹಾಗಿತ್ತು.

ಅವರಲ್ಲಿ ಅಣ್ಣಯ್ಯ ಮಾಷ್ಟ್ರು ಎಂಬವರೊಬ್ಬರು. ರಿಟೈರಾಗಿ ಇಪ್ಪತ್ತು ವರ್ಷ, ಬಾಯಿ ಮುಚ್ಚಿ ಎಂಟು ತಿಂಗಳು. ಸೌಜನ್ಯ ಅವರ ಹೆಂಡತಿಗೆ ಏನೋ ಕಿವಿಯಲ್ಲಿ ಹೇಳಿದಳು. ಆ ಹೆಂಗಸು ನಾಚಿಕೊಂಡು, ಗಂಡನ ಕೈ ಹಿಡಿದು, ಹಳೇ ಶಾಲೆಯ ರಾಗದಲ್ಲಿ ಶುರು ಮಾಡಿದಳು: "ಎರಡೊಂದ್ಲ ಎರಡು..." ನಾಲ್ಕನೇ ಸಾಲಿಗೆ ಮಾಷ್ಟ್ರ ತುಟಿ ಅಲ್ಲಾಡಿತು. ಆರಕ್ಕೆ ದನಿ ಬಂತು. ಹನ್ನೆರಡರ ಮಗ್ಗಿಗೆ ಎದ್ದೇ ನಿಂತರು. ಪಕ್ಕದಲ್ಲಿ ಕೂತು ಸುಮ್ಮನೆ ಬಾಯಾಡಿಸುತ್ತಿದ್ದವನ ತಲೆಗೆ ಒಂದು ಮೊಟಕಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಎಂಟು ತಿಂಗಳ ನಂತರದ ಮೊದಲ ಮಾತಾಡಿದರು.

"ಹೊಸ ಸೀರೆಯಾ?"

ಸೀರೆ ಹೊಸತಾಗಿರಲಿಲ್ಲ. ಆದರೂ ಆ ಹೆಂಗಸು ಹೌದೆಂದಳು. ಹಾಲಿನಲ್ಲಿದ್ದವರೆಲ್ಲ ಸ್ವಲ್ಪ ಹೊತ್ತು ಫ್ಯಾನು ನೋಡಿದರು.

ದೇವುವಿಗೆ ಆಸೆ ಹುಟ್ಟಿದ್ದು ಅಲ್ಲಿ.

"ಹೆಸ್ರ್, ಮುಖ ಎಲ್ಲಾ ಬಾಗ್ಲ್ ಹತ್ರ ಇಟ್ಟ ಸಾಮಾನ್ ಇದ್ದಂಗೆ. ಬೇಗ ಹೋತ್," ಎಂದಳು ಸೌಜನ್ಯ. "ಹಾಡ್ ಹಂಗಲ್ಲ. ಅದ್ ಅಟ್ಟದ ಮೇಲಿನ ಪೆಟ್ಟಿಗಿ. ಆದ್ರೆ ಅದ್ ಅವ್ರದ್ದೇ ಹಾಡ್ ಆಯ್ಕ್. ಪ್ರಾಯದಂಗೆ ಅವ್ರ್ ಬಾಯಲ್ಲಿ ಇದ್ದದ್. ನಿಮ್ಮ ಅಮ್ಮಂಗೆ ಯಾವ ಹಾಡ್ ಇಷ್ಟ?"

ದೇವು ನೀರಿನ ಬಣ್ಣ ನೋಡಿ ಬಂಗ್ಡೆ ಯಾವ ದಿಕ್ಕಿಗೆ ಹೊರಟಿದೆ ಎಂದು ಹೇಳಬಲ್ಲ ಮನುಷ್ಯ. ಹತ್ತು ಮಾರು ಆಳದಲ್ಲಿ ಓಡುವ ಮೀನಿನ ಮನಸ್ಸು ತಿಳಿದವನಿಗೆ, ಒಂದೇ ಮಾಡಿನಡಿ ಐವತ್ತು ವರ್ಷ ಇದ್ದ ಅಬ್ಬಿಯ ಒಂದು ಹಾಡು ಗೊತ್ತಿರಲಿಲ್ಲ.

"ಸಂಜಿ ನಾಕ್ ಗಂಟಿಗೆ ಇನ್ನೊಂದ್ಸಲ ಕೂಕಂಬ," ಎಂದಳು ಸೌಜನ್ಯ, ಅವನ ಮುಖ ನೋಡಿ ಪಾಪ ಎನಿಸಿ. "ಹಾಡ್ ಸಿಕ್ರೆ ತನ್ನಿ."

ದೇವು ಹೊರಗೆ ಬಂದವನೇ ಹೆಂಡತಿಗೆ ಫೋನು ಹಚ್ಚಿದ.

"ಸರಸಾ, ಅಬ್ಬಿಗೆ ಯಾವ ಹಾಡ್ ಇಷ್ಟ ಮರಾಯ್ತಿ?"

"ನಿಮ್ಮ್ ಅಬ್ಬಿ ಹಾಡದ್ ನಾನ್ ಕೇಂಡದ್ದೇ ಇಲ್ಲ. ಬೈದದ್ ಬೇಕಾರೆ ಕೇಣಿ, ರಾಗ ಸಮೇತ ಹೇಳ್ತೆ."

"ತಮಾಷಿ ಬ್ಯಾಡ."

"ತಮಾಷಿ ಎಂತದ್? ಹೊಟ್ಟಿಯಂಗೆ ಹುಟ್ಟಿದ ಮಗಂಗೇ ಗೊತ್ತಿಲ್ಲ. ನಾನ್ ನಿನ್ನೆ ಮೊನ್ನೆ ಬಂದವ್ಳ್. ನಿಲ್ಲಿ, ಮಂಜಯ್ಯನವ್ರ ಹತ್ರ ಕೇಂತೆ."

ಮಂಜಯ್ಯನ ಹತ್ತಿರ ಕೇಳುವುದೆಂದರೆ ಊರಿಗೆ ಡಂಗುರ ಹೊಡೆದ ಹಾಗೆ. ದೇವು ಅಬ್ಬಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ತ್ರಾಸಿಯ ಮನೆ ಮುಟ್ಟುವ ಹೊತ್ತಿಗೆ ಜಗಲಿಯಲ್ಲಿ ಚಪ್ಪಲಿ ಇಡಲು ಜಾಗವಿರಲಿಲ್ಲ.

ಮಂಜಯ್ಯ ಭಜನಾ ಮಂಡಳಿಯ ಅಧ್ಯಕ್ಷ. ಹಾಡಿನ ವಿಷಯದಲ್ಲಿ ಅವನಿಗೆ ಸಂಶಯ ಎಂಬುದು ಇರಲಿಲ್ಲ. ಶ್ರುತಿಯೂ ಇರಲಿಲ್ಲ. ಅವನ ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಪಕ್ಕದ ಎರಡು ಮನೆಯವರೂ ಎದ್ದು ಕೂರುತ್ತಿದ್ದರು.

"ಹ್ವಾಯ್ ದೇವು, ಎಂತಕ್ಕೆ ಹೆದ್ರುದ್? ಹಾಡ್ ಅಂದ್ರೆ ದೇವ್ರದ್ದ್. ಬಾಕಿದ್ದೆಲ್ಲ ಗಲಾಟಿ. ಜಲಜಕ್ಕನ್ ಕೂರ್ಸ್ ಇಲ್ಲಿ," ಎಂದು ಮಂಜಯ್ಯ ಕಣ್ಣು ಮುಚ್ಚಿ ಶುರು ಮಾಡಿದ.

ಜಲಜಕ್ಕ ಭಕ್ತಿಯಿಂದ ಎದ್ದು ನಿಂತಳು. ಕೈ ಮುಗಿದಳು. ಒಂದು ಭಜನೆ ಮುಗಿಯಿತು, ಎರಡು ಮುಗಿಯಿತು. ಮೂರನೆಯದರ ನಡುವೆ ಅವಳು ಮಂಜಯ್ಯನ ಮೂಗಿನ ಕೆಳಗೆ ಅಂಗೈ ಚಾಚಿದಳು.

"ಪ್ರಸಾದ ಕೊಡಿ ಭಟ್ರೇ. ನಂಗೆ ಹಾಲಾಡಿ ಬಸ್ಸಿಗೆ ಹೊತ್ತಾಯ್ತ್."

"ಇದಕ್ಕೆಲ್ಲ ಭಜನಿ ಸಾಲ ಮರಾಯ್ರೆ," ಎಂದು ಮುಂದೆ ಬಂದವನು ಆಚೆಮನೆ ಭೋಜರಾಜ. ಮದುವೆ, ಯಕ್ಷಗಾನ, ಚುನಾವಣೆ ಎಲ್ಲಕ್ಕೂ ಅವನದೇ ಮೈಕು. "ಭಜನಿಗೆ ಎಚ್ರ ಆದವ್ರನ್ನ ನಾನಂತೂ ಕಾಣ್ಲಿಲ್ಲ. ಜಲಜಕ್ಕನ ಪ್ರಾಯದಂಗೆ ಎಂತ ಇದ್ದಿತ್? ಸಿನ್ಮಾ! ಎಲ್ಲಾ ಇತ್ ನನ್ ಪೆನ್‌ಡ್ರೈವಂಗೆ."

ಕಪಾಟಿನಷ್ಟು ದೊಡ್ಡ ಎರಡು ಸ್ಪೀಕರು ಅಂಗಳಕ್ಕೆ ಬಂದವು. ಕಪ್ಪು ಬಿಳುಪು ಕಾಲದ ಹಾಡೊಂದು ಹೊರಟ ರಭಸಕ್ಕೆ ಸರಸ ಬಿಸಿಲು ಕಂಡಿತೆಂದು ಒಣ ಹಾಕಿದ್ದ ಹಪ್ಪಳ ಮೊರದಿಂದ ಜಿಗಿಯಿತು. ಜಲಜಕ್ಕ ಕಿವಿ ಮುಚ್ಚಿಕೊಂಡು ಒಳಗೆ ಓಡಿದಳು. ದೇವು ಹಿಂದೆಯೇ ಓಡಿದ. ಐದು ನಿಮಿಷಕ್ಕೆ ಅವಳು ತನ್ನ ಒಂದೇ ಒಂದು ರೇಷ್ಮೆ ಸೀರೆ ಉಟ್ಟು ಹೊರಗೆ ಬಂದು, ಜಗಲಿಯಲ್ಲಿ ಊಟದ ಪಂಕ್ತಿಗೆಂಬಂತೆ ಕೂತಳು.

"ಯಾರ್ ಮದಿ?" ಎಂದು ಪಕ್ಕದವರನ್ನು ಕೇಳಿದಳು. "ಹುಡ್ಗ ಎಲ್ಲಿಯವ? ಊಟ ತಡವಾ? ಉಂಡ್ಕಂಡ್ ನಾನ್ ಹಾಲಾಡಿಗೆ ಹೋಯ್ಕ್. ಗುಣವತಮ್ಮ ಕಾಯ್ತ್ರ್."

ಜನ ನಕ್ಕರು. ದೇವು ನಗಲಿಲ್ಲ. ಈ ಹಾಲಾಡಿ ಮತ್ತು ಈ ಗುಣವತಮ್ಮ ಒಂದು ವರ್ಷದಿಂದ ದಿನಾ ಮಧ್ಯಾಹ್ನ ಬರುತ್ತಿದ್ದರು. ದಿನಾ ಅವನು, "ಬಸ್ಸಿಲ್ಲ ಅಬ್ಬಿ, ಗುಣವತಮ್ಮನೂ ಇಲ್ಲ," ಎಂದು ಅವಳ ಚಪ್ಪಲಿ ಬಿಚ್ಚಿಸಿ ಒಳಗೆ ಕೂರಿಸುತ್ತಿದ್ದ. ಇವತ್ತು ಮೊದಲ ಸಲ ಒಂದು ಮಾತು ಹೊಳೆಯಿತು. ಬೆಳಿಗ್ಗೆ ನಾಲ್ಕಕ್ಕೆ ದಡಕ್ಕೆ ಹೋಗಿ, ಮೀನಿನ ಹೆಡಿಗೆ ತುಂಬಿಸಿಕೊಂಡು, ಮಾರಲು ಹಾಲಾಡಿಯ ಮೊದಲ ಬಸ್ಸಿಗೆ ಹೊರಟರೆ ಅಬ್ಬಿ ಮನೆ ಮುಟ್ಟುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ನಲವತ್ತು ವರ್ಷ ಹಾಗೆ. ಮನೆಯಲ್ಲಿ ಅವಳು ಇದ್ದದ್ದು ಮಲಗುವುದಕ್ಕೆ. ಅವಳ ಹಾಡನ್ನು ಇಲ್ಲಿ ಹುಡುಕಿದರೆ ಎಲ್ಲಿ ಸಿಗುತ್ತದೆ?

"ಭೋಜಣ್ಣ, ನಿಮ್ಮ ಓಮ್ನಿ ತೆಗಿನಿ," ಎಂದ ದೇವು. "ಹಾಲಾಡಿಗೆ ಹೋಪ."

"ಊಟ?" ಎಂದಳು ಸರಸ.

"ಊಟ ನಾಳಿಗೂ ಸಿಕ್ಕತ್."

ಭೋಜರಾಜನ ಓಮ್ನಿಯ ಮಾಡಿನ ಮೇಲೆ ಪ್ರಚಾರದ ಎರಡು ಕೊಂಬು ಸ್ಪೀಕರುಗಳು ಒಂದು ಮುಂದಕ್ಕೆ ಒಂದು ಹಿಂದಕ್ಕೆ ಬಾಯಿ ತೆರೆದುಕೊಂಡಿದ್ದವು. ಹಿಂದಿನ ಸೀಟಿನಲ್ಲಿ ಆಂಪ್ಲಿಫಯರ್ ಪೆಟ್ಟಿಗೆ, ಅದರ ಪಕ್ಕ ರೇಷ್ಮೆ ಸೀರೆಯ ಜಲಜಕ್ಕ, ಅವಳ ಪಕ್ಕ ಯಾರೂ ಕರೆಯದ ಮಂಜಯ್ಯ, ಮಂಜಯ್ಯನ ತೊಡೆಯ ಮೇಲೆ ಹಾರ್ಮೋನಿಯಂ. "ರಾಗ ಹಿಡುಕೆ ಒಬ್ಬ ಜನ ಬೇಡ್ದಾ?" ಎಂಬುದು ಅವನ ವಾದ.

ಹಾಲಾಡಿ ಪೇಟೆಯಲ್ಲಿ ಗುಣವತಮ್ಮನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಊಟ ಮಾಡಿದೆನೋ ಇಲ್ಲವೋ ಎಂಬುದೇ ಮರೆಯುವ ಜಲಜಕ್ಕ, "ಅಲ್ಲ್ ಎಡಕ್ಕೆ, ಆ ಅಶ್ವತ್ಥಕಟ್ಟೆ ಆಚಿಗ್ ಬಲಕ್ಕೆ, ಗೇಟ್ ಒತ್ತಿ ಬಿಡ್ಬೇಡಿ, ಕೊಕ್ಕೆ ತುಂಡಾಯಿತ್," ಎಂದು ದಾರಿ ಹೇಳಿದಳು. ಗೇಟಿನ ಕೊಕ್ಕೆ ನಿಜವಾಗಿಯೂ ತುಂಡಾಗಿತ್ತು.

ಗುಣವತಮ್ಮ ಎಪ್ಪತ್ತು ದಾಟಿದ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡ ಹೆಂಗಸು. "ಹೆಣೆ ಜಲಜಾ! ಬದ್ಕಿದ್ಯಾ ನೀನ್?" ಎಂದು ಓಡಿ ಬಂದು ತಬ್ಬಿಕೊಂಡಳು. ಜಲಜಕ್ಕ ಬಿಡಿಸಿಕೊಂಡು ಸೀದಾ ಹಿತ್ತಲಿಗೆ ಹೋಗಿ, ಬಾವಿಯ ಪಕ್ಕದ ಕಲ್ಲಿನ ಮೇಲೆ ರೇಷ್ಮೆ ಸೀರೆಯಲ್ಲೇ ಕೂತು, ಮೀನು ಕೊಯ್ಯಲು ಕತ್ತಿ ಕೇಳಿದಳು. ಅವಳಿಗೆ ಕತ್ತಿಯ ಬದಲು ಅನ್ನ ಸಾರು ಬಡಿಸಿ ಕೊಟ್ಟರು.

ದೇವು ತಾನು ಬಂದ ವಿಷಯ ಹೇಳಿದ.

"ಹಾಡಾ? ಅಯ್ಯೋ ದೇವ್ರೇ, ಹಾಡದಿದ್ದ ದಿನ ಯಾವ್ದ್?" ಎಂದಳು ಗುಣವತಮ್ಮ. "ನನ್ ಮಗ ಜಿತೇಂದ್ರ ಸಣ್ಣ ಮಗು ಇಪ್ಪತಿಗೆ ಹಗ್ಲಿಡೀ ಕೂಗುದ್. ಜಲಜ ಹೆಡ್ಗಿ ಇಳ್ಸಿ, ಮಗಿನ್ ಕಾಲ್ ಮೇಲ್ ಹಾಯ್ಕಂಡ್ ಹಾಡುದ್. ಹಾಡ್ ಜಲಜನೇ ಕಟ್ಟಿದ್. ಮುಗಿಯುಕೆ ಮುಂಚೆ ಮಗು ಕಣ್ಣ್ ಮುಚ್ಚಿ ಒರ್ಗಿ ಆತಿತ್ತ್. ಮೀನ್ ವಾಸ್ನಿ ಹಿಡಿತ್ ಅಂತ್ ನಮ್ಮತ್ತೆ ಬೈತಿದ್ರ್. ಮಗು ಒರ್ಗದ್ ಕಂಡ್ಕಂಡ್ ಸುಮ್ನಾತಿದ್ರ್."

ಬಂಗ್ಡೆ, ಬೈಗೆ, ಕಾಣೆ ಎಂದು ಮೀನುಗಳನ್ನೇ ಕೂಡಿಸಿ ಕಟ್ಟಿದ ಆ ಜೋಗುಳವನ್ನು ಅವಳು ಹಾಡಿ ತೋರಿಸಿದಳು:

"ಬಂಗ್ಡೆ ಬಂತ್ ಬಾಗ್ಲಿಗೆ
ಬೈಗೆ ಬಂತ್ ಹೆಡ್ಗಿಗೆ
ಕಾಣೆ ಅಡಗಿ ಕೂಕಂತ್
ಕಂದನ್ ಕಣ್ಣ್ ರೆಪ್ಪಿಗೆ..."

"ಮುಂದೆ ಇತ್ತ್. ನಂಗೆ ಬತ್ತಿಲ್ಲ," ಎಂದಳು. ಕನ್ನಡಕದ ದಾರ ಸರಿಮಾಡಿಕೊಂಡು ಹೇಳಿದಳು: "ನಾನ್ ಒಂದ್ಸಲ ಕೇಂಡಿದ್ದೆ, ನಿನ್ ಮಗಂಗೆ ಯಾರ್ ಹಾಡ್ತ್ರೇ ಅಂತ. 'ನಾನ್ ಮನಿಗ್ ಹೋಪತಿಗೆ ಅವ ಒರ್ಗಿರ್ತ ಅಮ್ಮ. ಇಲ್ಲ್ ಹಾಡ್ರೆ ಅವನಿಗೂ ಕೇಂತ್ ಅಂತ್ಲೇ ಹಾಡುದ್' ಅಂದಿತ್."

ದೇವು, ಬಡಿಸಿದ ಬಾಳೆ ಎದುರು ಕೂತು, ಅನ್ನ ಮುಟ್ಟದೆ, ಆ ನಾಲ್ಕು ಸಾಲನ್ನು ಗುಣವತಮ್ಮನಿಂದ ಏಳು ಸಲ ಹೇಳಿಸಿಕೊಂಡ. ಏಳನೆಯದು ಮುಗಿಯುವಾಗ ಗಂಟೆ ಮೂರಾಗಿತ್ತು.

ಹೊರಟರು. ಸುರಿಯುವ ಮಳೆ ಓಮ್ನಿಯ ತಗಡಿನ ಮೇಲೆ ಸಾವಿರ ಚಂಡೆ ಬಾರಿಸುತ್ತಿತ್ತು. ಕಿಟಕಿ ಎಲ್ಲ ಬಂದ್. ದೇವು ಮುಂದಿನ ಸೀಟಿನಲ್ಲಿ ಕೂತು ಅಭ್ಯಾಸಕ್ಕೆ ಶುರು ಹಚ್ಚಿಕೊಂಡ. ಸಮುದ್ರದ ಗಾಳಿಯಲ್ಲಿ ಕೂಗಿ ಕೂಗಿ ಕಳೆದುಹೋದ ಗಂಟಲು ಅದು. ಅದರಲ್ಲಿ ಜೋಗುಳ ಹೊರಡುವುದೆಂದರೆ ಬೋಟಿನ ಸೈರನ್ನು ಮಗು ಮಲಗಿಸಲು ಹೊರಟ ಹಾಗೆ.

"ಶ್ರುತಿ ತಕೋ, ಶ್ರುತಿ," ಎಂದು ಮಂಜಯ್ಯ ಹಿಂದಿನಿಂದ ಹುರಿದುಂಬಿಸಿದ. ತೊಡೆ ನೋವಾಗುತ್ತದೆ ಎಂದು ಹಾರ್ಮೋನಿಯಂ ಎತ್ತಿ ಆಂಪ್ಲಿಫಯರ್ ಮೇಲೆ ಇಟ್ಟ. ಹಾರ್ಮೋನಿಯಂನ ಮೂಲೆ ಸರಿಯಾಗಿ ಸ್ವಿಚ್ಚಿನ ಮೇಲೆ ಕೂತಿತು. ದೇವುವಿನ ಮೂಗಿನ ಎದುರು ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ್ದ ಮೈಕಿಗೆ ಜೀವ ಬಂತು.

"ಬಂಗ್ಡೆ ಬಂತ್ ಬಾಗ್ಲಿಗೆ..." ಎಂದ ದೇವು. ಮಳೆಯ ಸದ್ದಿನ ಮೇಲೆ ದನಿ ಎಲ್ಲೋ ದೂರದಿಂದ ಗಂಭೀರವಾಗಿ ಮರಳಿ ಬಂತು. ಅವನಿಗೇ ಆಶ್ಚರ್ಯವಾಯಿತು. "ಮಂಜಯ್ಯ, ನನ್ನ ಸ್ವರ ಒಂಚೂರ್ ತುಂಬಿ ಬಂದಂಗಿತ್ ಅಲ್ದಾ?"

"ಎಲ್ಲಾ ಅಭ್ಯಾಸ, ಮರಾಯಾ. ಬಿಡ್ಬೇಡ."

ದೇವು ಬಿಡಲಿಲ್ಲ.

ಹಾಡಿಗೆ ಮೊದಲು ಓಗೊಟ್ಟವು ಬೆಕ್ಕುಗಳು. ಮಳೆಯಲ್ಲೇ ಬೇಲಿ ಹಾರಿ ರಸ್ತೆ ಬದಿಗೆ ಬಂದು ಸಾಲಾಗಿ ನಿಂತವು. ನಿಷೇಧದ ಕಾಲ, ಮೀನಿನ ಮುಖ ಕಾಣದೆ ಹದಿನೈದು ದಿನವಾಗಿದ್ದ ಒಳನಾಡು. ಮೀನಿನ ಗಾಡಿಯವರು ಪೇಂ ಪೇಂ ಎಂದು ಹಾರ್ನು ಹೊಡೆಯುವುದನ್ನೇ ಕಿವಿ ಕೊಟ್ಟು ಕಾಯುವ ಮನೆಗಳು. ಅಂಥ ಹೊತ್ತಿನಲ್ಲಿ ಮೈಕು ಕಟ್ಟಿಕೊಂಡ ವ್ಯಾನೊಂದು ಬಂಗ್ಡೆ ಬಂತು, ಬೈಗೆ ಬಂತು, ಕಾಣೆಯೂ ಇದೆ ಎಂದು ಸಾರುತ್ತ ಹೋದರೆ ಏನಾಗಬೇಕೋ ಅದೇ ಆಯಿತು. ಬಿದ್ಕಲ್‌ಕಟ್ಟೆ ಬರುವ ಹೊತ್ತಿಗೆ ರಸ್ತೆಗೆ ಅಡ್ಡವಾಗಿ ಹದಿನೆಂಟು ಕೊಡೆ, ಹದಿನೆಂಟು ಪಾತ್ರೆ ನಿಂತಿದ್ದವು.

ಭೋಜರಾಜ ಬ್ರೇಕು ಹಾಕಿದ. ಬಾಗಿಲು ತೆರೆದದ್ದೇ ತಡ.

"ಕಾಣೆ ಎಷ್ಟಿತ್?" ಎಂದು ಒಬ್ಬಳು.

"ಫಸ್ಟ್ ನಂಗೆ. ನಾನ್ ಆಗ್ಲೇ ಬಂದ್ ನಿಂತದ್."

"ಕಾಣೆ ಇಲ್ಲ," ಎಂದ ದೇವು, ಗಾಬರಿಯಾಗಿ. ಕಾಣೆ ಇಲ್ಲ, ಕಾಣೆ ಇಲ್ಲ ಎಂದು ಕೊಂಬು ನಾಲ್ಕೂ ದಿಕ್ಕಿಗೆ ಹೇಳಿತು. ಆಗ ಅವನಿಗೆ ತನ್ನ ಸ್ವರದ ಗಾಂಭೀರ್ಯದ ಗುಟ್ಟು ತಿಳಿಯಿತು.

"ಹ್ವಾಯ್, ಬಂಗ್ಡೆ ಆದ್ರೂ ಕೊಡಿ."

"ಅದೂ ಇಲ್ಲ. ಎಂತದೂ ಇಲ್ಲ. ನಾನ್... ನಾನ್ ಸುಮ್ನೆ ಹಾಡದ್."

ಅಂಗಡಿಯಿಂದ ಇಳಿದು ಬಂದ ಯತೀಶ ಎಂಬವನು ಓಮ್ನಿಯ ಒಳಗೆ ತಲೆ ಹಾಕಿ, ಸೀಟಿನ ಅಡಿ ಎಲ್ಲ ನೋಡಿ, ಹಾರ್ಮೋನಿಯಂ ನೋಡಿ, ಮತ್ತೆ ದೇವುವನ್ನು ಮೇಲಿಂದ ಕೆಳಗೆ ನೋಡಿದ.

"ಮೀನ್ ಇಲ್ದೆ ಮೀನ್ ಬಂತ್ ಅಂತ್ ಮೈಕಂಗೆ ಕೂಗ್ತಾ ಹೋಪುದಾ? ನಿಂಗ್ ಎಂತ ತಲಿ ಸಮ ಇಲ್ಯಾ?"

"ನಮ್ಮ್ ಅಬ್ಬಿ ಹಾಡ್ ಅದ್. ಅಬ್ಬಿಗೆ ಹಾಡುಕೆ ಅಂತ್..."

"ಅಬ್ಬಿಗ್ ಹಾಡುದಾರೆ ಮನಿಯಂಗೆ ಕೂಕಂಡ್ ಹಾಡ್! ನಾನ್ ಮಸಾಲಿ ಅರ್ದ್ ಇಟ್ಟ್ ಬಂದಿದೆ," ಎಂದು ಒಬ್ಬಳು ಪಾತ್ರೆ ಎತ್ತಿದಳು. ಹೊಡೆಯಲಿಕ್ಕೋ, ತಲೆಗೆ ಹಿಡಿಯಲಿಕ್ಕೋ ಎಂದು ತಿಳಿಯಲಿಲ್ಲ.

ಅಷ್ಟರಲ್ಲಿ ಹಿಂದಿನ ಬಾಗಿಲು ಸರ್ರನೆ ಸರಿಯಿತು. ಜಲಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. ಎದುರಿಗೆ ಪಾತ್ರೆ ಹಿಡಿದ ಹೆಂಗಸರು, ಸುತ್ತ ಗಲಾಟೆ. ಅವಳಿಗೆ ಇದಕ್ಕಿಂತ ಪರಿಚಯದ ಜಾಗ ಭೂಮಿ ಮೇಲೆ ಬೇರೆ ಇರಲಿಲ್ಲ.

"ಎಂತಕ್ಕೆ ಬೊಬ್ಬಿ ಹೊಡುದ್ ನೀವೆಲ್ಲ?" ಎಂದಳು, ನಲವತ್ತು ವರ್ಷ ಬೀದಿ ಆಳಿದ ಗಂಟಲಿನಲ್ಲಿ. "ಗಾಳಿ ಮಳಿ ಕಾಣ್ತಿಲ್ಯಾ? ಕಡ್ಲ್ ಕೊಟ್ರಲ್ದಾ ನಾನ್ ಮೀನ್ ತರುದ್? ಮಸಾಲಿ ಅರ್ದದ್ ಯಾರ್? ಇವತ್ತ್ ಅದಕ್ಕೆ ನುಗ್ಗಿಕಾಯ್ ಹಾಕ್. ನಾಡಿದ್ ಬತ್ತೆ, ಕಾಣೆ ನಿಂಗೇ ಮೊದ್ಲ್. ಹೋಯ್ನಿ, ದಾರಿ ಬಿಡಿ."

ಆಮೇಲೆ ಯತೀಶನ ಕಡೆ ತಿರುಗಿ, ದನಿ ಇಳಿಸಿ ಹೇಳಿದಳು. "ಇವ್ರಿಗೆ ಬೈಬ್ಯಾಡ ಮರಾಯಾ. ಪಾಪದವ್ರ್."

ಹದಿನೆಂಟು ಕೊಡೆಗಳೂ ಎರಡಾಗಿ ದಾರಿ ಬಿಟ್ಟವು. ಜಲಜಕ್ಕ ದೇವುವಿನ ಮಣಿಕಟ್ಟು ಹಿಡಿದು ಗಾಡಿ ಹತ್ತಿಸಿದಳು. ಹತ್ತಿಸಿದ ಮೇಲೂ ಕೈ ಬಿಡಲಿಲ್ಲ. ಮುಂದಿನ ಸೀಟಿನಲ್ಲಿ ಅವನು, ಹಿಂದಿನ ಸೀಟಿನಿಂದ ಬಗ್ಗಿ ಅವನ ಕೈ ಹಿಡಿದ ಅಬ್ಬಿ. ಕುಂದಾಪುರ ಬರುವವರೆಗೂ ದೇವು ಕತ್ತು ತಿರುಗಿಸಲಿಲ್ಲ, ಉಸಿರೂ ಜೋರಾಗಿ ಬಿಡಲಿಲ್ಲ. ಹಕ್ಕಿ ಕೂತ ಕೊಂಬೆ ಹೇಗಿರುತ್ತದೋ ಹಾಗಿದ್ದ.

ನಾಲ್ಕೂಕಾಲಿಗೆ ಹಾಲಿಗೆ ಹೋದಾಗ ಸೌಜನ್ಯ ಕಾಯುತ್ತಿದ್ದಳು. ಅಬ್ಬಿಯನ್ನು ಕುರ್ಚಿಯಲ್ಲಿ ಕೂರಿಸಿ ದೇವು ಎದುರಿಗೆ ನೆಲದ ಮೇಲೆ ಕೂತ. ಅಭ್ಯಾಸ ಮಾಡಿ ಮಾಡಿ ಇದ್ದ ಸ್ವರವೂ ಹೋಗಿತ್ತು. ಪಿಸುಮಾತಿಗಿಂತ ಸ್ವಲ್ಪ ಮೇಲೆ, ಒಡೆದ ದನಿಯಲ್ಲಿ ಹಾಡಿದ.

"ಬಂಗ್ಡೆ ಬಂತ್ ಬಾಗ್ಲಿಗೆ... ಬೈಗೆ ಬಂತ್ ಹೆಡ್ಗಿಗೆ..."

ಜಲಜಕ್ಕ ಅವನನ್ನೇ ನೋಡುತ್ತಿದ್ದಳು. ಮೂರನೇ ಸಾಲಿಗೆ ಅವಳ ಕಾಲು ತೊಟ್ಟಿಲು ತೂಗುವ ಹಾಗೆ ಅಲ್ಲಾಡತೊಡಗಿತು. ನಾಲ್ಕನೆಯದರಲ್ಲಿ ದೇವು ರಾಗ ತಪ್ಪಿದ. ಅಲ್ಲಿಂದ ಅವಳೇ ಎತ್ತಿಕೊಂಡಳು. ತೆಳುವಾದ, ಯಾರೂ ನಿರೀಕ್ಷಿಸದಷ್ಟು ಎಳೆಯ ದನಿ. ಗುಣವತಮ್ಮ ಮರೆತಿದ್ದ ಸಾಲುಗಳೂ ಒಂದೊಂದಾಗಿ ಬಂದವು:

"ಏಡಿ ಎದ್ದ್ ನಡಿತ್
ಎಡಕ್ಕೊಂದ್ ಹೆಜ್ಜಿಗೆ
ಅಬ್ಬಿ ಬಪ್ಪ ಹೊತ್ತಾಯ್ತ್
ಒರ್ಗೋ ಕಂದ ಮೆಲ್ಲಗೆ..."

ಹಾಡು ಮುಗಿಯಿತು. ಜಲಜಕ್ಕ ಬಗ್ಗಿ, ಎರಡೂ ಕೈಯಲ್ಲಿ ಅವನ ಮುಖ ಹಿಡಿದಳು.

"ದೇವು," ಎಂದಳು. "ಮಗಾ. ಉಂಡ್ಯನಾ?"

ಭೋಜರಾಜ ಗೋಡೆಯ ಕಡೆ ತಿರುಗಿದ. ಮಂಜಯ್ಯ ಗೊಳೋ ಎಂದು ಅತ್ತ. ಶ್ರುತಿ ಅದರಲ್ಲೂ ಇರಲಿಲ್ಲ. ದೇವು ಅಬ್ಬಿಯ ಮಡಿಲಿಗೆ ತಲೆ ಇಟ್ಟು ಇಲ್ಲ ಎಂದು ತಲೆಯಾಡಿಸಿದ. ಅವಳು ಬೆನ್ನು ತಟ್ಟಿದಳು.

ಮುಖ ತೊಳೆದು ಬರುತ್ತೇನೆಂದು ಅವನು ಹಿಂದುಗಡೆಯ ನಳ್ಳಿಗೆ ಹೋದ. ತುಂಬಾ ಹೊತ್ತು ತೊಳೆದ. ಮರಳಿ ಬರುವಾಗ, ಬಾಗಿಲಿನ ಆಚೆ ಅಬ್ಬಿ ಸೌಜನ್ಯಳ ಹತ್ತಿರ ಮೆತ್ತಗೆ ಮಾತಾಡುವುದು ಕೇಳಿಸಿತು. ಅವಳ ಮಾತು ಇಷ್ಟು ನೇರವಾಗಿ ಬಾರದೆ ಒಂದು ವರ್ಷವಾಗಿತ್ತು. ಕೇಳಬೇಕೆನಿಸಿ ಅಲ್ಲೇ ನಿಂತ.

"ಸಮ ಆತ್ರಾ ಅವ್ರ್?" ಎಂದು ಕೇಳುತ್ತಿದ್ದಳು ಜಲಜಕ್ಕ.

"ಯಾರ್ ಅಮ್ಮ?"

"ಈಗ ಅತ್ರಲೆ, ಅವ್ರ್. ಲಾಡ್ಜಿನವ್ರ್. ಬೆಳಿಗ್ಗೆಂದ ಉಣ್ಣದೆ ತಿರುಗುದ್, ಪಾಪ. ಕಂಡ್ ಕಂಡವ್ರ ಹತ್ರ ನಮ್ಮ್ ಅಬ್ಬಿ ಹಾಡ್ ಎಂತ, ಅಬ್ಬಿ ಹಾಡ್ ಎಂತ ಅಂತ್ ಕೇಂಬುದ್. ಗಾಡಿಯಂಗೆ ಒಂದ್ ಬೈಗೆ ಇಲ್ಲ, ಮೀನ್ ಬಂತ್ ಅಂತ್ ಊರೆಲ್ಲಾ ಮೈಕಂಗೆ ಹಾಡುದ್. ಜನ ಹೊಡುಕೇ ಬಂದಿರ್. ನಾನ್ ಇಳಿಯದೇ ಇದ್ದಿದ್ರೆ ಇವತ್ತ್ ಕತಿ ಇದ್ದಿತ್."

ಸೌಜನ್ಯ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ನನ್ನನ್ನೇ ಅವ್ರ ಅಬ್ಬಿ ಅಂತ್ ಮಾಡ್ಕಂಡಿರ್. ಇಲ್ಲ ಅಂದ್ರೆ ಮುಖ ಸಣ್ಣ ಆತ್. ಅದ್ಕೆ ನಾನೂ ಒಂದ್ಸಲ ಮಗಾ ಅಂತ್ ಕರ್ದೆ. ಎಂತ ಖರ್ಚ್ ಇತ್ ಅದಕ್ಕೆ?"

"ಅಮ್ಮ, ದೇವು ಅಂತ್ ಹೆಸ್ರ್ ಹಿಡ್ದ್ ಕರ್ದ್ರಿ ಅಲ್ದಾ?"

"ಎಲ್ರೂ ಹಂಗೇ ಕರಿತ್ರಲೆ. ನನ್ನ ಮಗಂಗೂ ಅದೇ ಹೆಸ್ರ್, ಕಾಣಿ. ಬಾಯಿಗ್ ಅಭ್ಯಾಸ ಇತ್. ಅವ ಸಣ್ಣವ, ಮನಿಯಂಗೆ ಒರ್ಗಿದ. ಇವ್ರಿಗೆ ತಲಿ ಎಲ್ಲಾ ಬೆಳ್ಳಗಾಯಿತ್, ಇನ್ನೂ ಅಬ್ಬಿ ಸಿಕ್ಲಿಲ್ಲ." ಜಲಜಕ್ಕ ನಿಟ್ಟುಸಿರು ಬಿಟ್ಟಳು. "ನಾಳಿಂದ ದಿನಾ ಕರ್ಕಂಡ್ ಬತ್ತೆ. ಹಾಡ್ ನಾನೇ ಹೇಳ್ತೆ. ಆಯ್ಕಾ?"

ಸೌಜನ್ಯ ಒಪ್ಪಿ ತಲೆದೂಗಿ, "ಅಕ್ಕ್ ಅಮ್ಮ," ಎಂದಳು.

ದೇವು ಬಾಗಿಲಿನ ಹಿಂದೆ ನಿಂತು ಮತ್ತೊಮ್ಮೆ ಮುಖ ಒರೆಸಿಕೊಂಡ. ಒಳಗೆ ಬಂದ. ಅಬ್ಬಿ ಸೌಜನ್ಯಳ ಕಡೆ ಕಣ್ಣು ಮಿಟುಕಿಸಿ, ಸಣ್ಣ ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದಳು.

"ಈಗ ಹೇಳ್ ಕಾಂಬ. ನಾನ್ ಯಾರ್?"

ಏನು ಹೇಳಿದರೂ ಸೋಲು ಅವನದೇ. ದೇವು ನಿಜವನ್ನೇ ಹೇಳಿದ.

"ಅಬ್ಬಿ."

ಜಲಜಕ್ಕ ಸೌಜನ್ಯಳ ಕಡೆ ತಿರುಗಿ, ಇನ್ನೂ ಸಮಯ ಹಿಡಿಯುತ್ತದೆ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು.

ಭೋಜರಾಜ ಗಾಡಿ ನಿಲ್ಲಿಸಿದ್ದು ಹೆದ್ದಾರಿಯ ಆಚೆ ಬದಿ. ಲಾರಿಗಳು ನೀರೆರಚುತ್ತ ಹೋಗುತ್ತಿದ್ದವು. ಜಲಜಕ್ಕ ಮಗನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೊಮ್ಮೆ ಬಲಕ್ಕೆ ನೋಡಿ, ಅವನನ್ನು ರಸ್ತೆ ದಾಟಿಸಿದಳು.

"ಹೆದ್ರಬ್ಯಾಡ," ಎಂದಳು ನಡುರಸ್ತೆಯಲ್ಲಿ. "ನಿನ್ನ ಅಬ್ಬಿ ಎಲ್ಲಿತ್ ಅಂತ್ ಹುಡ್ಕಿ, ನಿನ್ನ ಅದ್ರ್ ಕೈಯಂಗೆ ಕೊಟ್ಟೇ ನಾನ್ ಮನಿಗ್ ಹೋಪುದ್."